ದಿಂಬು ಇಡುವ ಜಾಗ

ಮಂಡಿ ಆಪರೇಷನ್ ಆಗಿ ಮನೆಗೆ ಬಂದವರ ಕಾಲಿಗೆ ದಿಂಬು ಎಲ್ಲಿ ಕೊಡಬೇಕು? ನಮ್ಮವರು ಮಂಡಿಯ ಕೆಳಗೇ ಕೊಡುತ್ತಾರೆ. ಮೆತ್ತಗಿರುತ್ತದೆ, ನೋವು ತಗ್ಗಿದಂತೆಯೂ ಅನ್ನಿಸುತ್ತದೆ. ಆದರೆ ಕೀಲು ಅರೆಬಾಗಿದ ಹಾಗೇ ಬಿಗಿದುಕೊಂಡು, ಕಾಲು ಪೂರ್ತಿ ನೆಟ್ಟಗಾಗುವುದು ಕಷ್ಟವಾಗುತ್ತದೆ. ದಿಂಬು ಇರಬೇಕಾದ್ದು ಹಿಮ್ಮಡಿಯ ಕೆಳಗೆ. ಅಲ್ಲಿಟ್ಟರೆ ಕೊಂಚ ನೋಯುತ್ತದೆ. ಮನೆಯವರ ಆಸರೆಯ ಕಥೆಯೂ ಹೆಚ್ಚುಕಡಿಮೆ ಇದೇ.

ಆಸರೆ ಬೇಕೇಬೇಕು, ಅದರಲ್ಲಿ ಅನುಮಾನವಿಲ್ಲ. ಆಪರೇಷನ್ನಿಗೆ ಮೊದಲೇ ರೋಗಿಗೆ ಅಂಕ ಕೊಡುವ ‘ರ‍್ಯಾಪ್ಟ್’ ಎಂಬ ಪ್ರಶ್ನೆಪಟ್ಟಿಯೊಂದಿದೆ. ಆಸ್ಟ್ರೇಲಿಯಾದಲ್ಲಿ ಲಿಯೊನಿ ಓಲ್ಡ್‌ಮೆಡೋ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು. ವಯಸ್ಸೆಷ್ಟು, ಎಷ್ಟು ದೂರ ನಡೆಯುತ್ತೀರಿ, ಕೋಲು ಹಿಡಿಯುತ್ತೀರಾ, ಇವಕ್ಕೆಲ್ಲ ತಲಾ ಹೆಚ್ಚೆಂದರೆ 2 ಅಂಕ. ‘ಆಪರೇಷನ್ ಆದಮೇಲೆ ನೋಡಿಕೊಳ್ಳುವವರು ಮನೆಯಲ್ಲಿದ್ದಾರಾ?’ ಎಂಬುದಕ್ಕೆ ‘ಹೌದು’ ಅಂದರೆ 3. ಒಟ್ಟು 12ರಲ್ಲಿ ಅತಿ ದೊಡ್ಡ ಪಾಲು ಮನೆಯ ಮನುಷ್ಯರದ್ದು. 9ಕ್ಕಿಂತ ಹೆಚ್ಚು ಬಂದವರು ನೇರ ಮನೆಗೆ ಹೋಗಬಹುದು. 6ಕ್ಕಿಂತ ಕಡಿಮೆಯಾದರೆ ಪುನಶ್ಚೇತನ ಕೇಂದ್ರವೇ ಗತಿಯಾದೀತು.

ಲಾಸ್ ಏಂಜಲೀಸ್ ಕೌಂಟಿಯ ಪೂರ್ವದಂಚಿನ ಡೈಮಂಡ್ ಬಾರ್‌ನಂಥ ಊರಿನಲ್ಲಿ ಆ 3 ಅಂಕ ಗಿಟ್ಟಿಸುವುದು ಕಾಣುವಷ್ಟು ಸುಲಭವಲ್ಲ. 57 ಮತ್ತು 60ನೇ ನಂಬರಿನ ಫ್ರೀವೇಗಳು ಕೂಡುವ ಜಾಗ. ಕಾರಿಲ್ಲದಿದ್ದರೆ ಹಾಲೂ ಇಲ್ಲ, ಫಿಸಿಯೋಥೆರಪಿಯೂ ಇಲ್ಲ. ಮಲಗುವ ಕೋಣೆ ಮಹಡಿಯ ಮೇಲಿದ್ದರೆ ಮೊದಲ ದಿನವೇ ಮೆಟ್ಟಿಲಿನ ಪಾಠ: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ಇದನ್ನು ನೆನಪಿಸುವವರು ಯಾರು? ಒಳರೋಗಿಯಾಗಿಯೇ ಮಾಡಬೇಕಾದ ಶಸ್ತ್ರಚಿಕಿತ್ಸೆಗಳ ಪಟ್ಟಿಯಿಂದ ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ 2018ರಲ್ಲಿ ಮಂಡಿ ಬದಲಾವಣೆಯನ್ನು ತೆಗೆದುಹಾಕಿತು. ಈಗ ಅನೇಕರು ಅದೇ ದಿನವೋ ಮರುದಿನವೋ ಮನೆಗೆ ಬರುತ್ತಾರೆ. ನರ್ಸ್ ಮಾಡುತ್ತಿದ್ದ ಕೆಲಸ ಸೊಸೆಯ ಪಾಲಿಗೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಸಂಬಳದ ಒಂದು ಭಾಗ ಸಿಗುವ ಕುಟುಂಬ ರಜೆಯಿದೆ, ಈಗ 8 ವಾರದವರೆಗೆ. ಅತ್ತೆ ಮಾವನ ಆರೈಕೆಗೂ ಅನ್ವಯ. ಕೇಳಿಕೊಳ್ಳಲು ಸಂಕೋಚಪಡುವುದು ನಮ್ಮ ದಡ್ಡತನ.

ಜನ ಸಿಕ್ಕರು ಅನ್ನಿ. ಇನ್ನೊಂದು ಫಜೀತಿ ಶುರುವಾಗುವುದು ಆಗಲೇ. ನಮಗೆ ಗೊತ್ತಿರುವ ಆರೈಕೆ ಅಂದರೆ ಬಾಣಂತನ: ಹೊದೆಸು, ಮಲಗಿಸು, ಕೈಗೆ ತಂದುಕೊಡು. “ನೀವು ಏಳಬೇಡಿ ಅತ್ತೆ, ನೀರು ನಾನೇ ತರ್ತೀನಿ.” ಪ್ರೀತಿಯ ಮಾತೇ. ಆದರೆ ಮೊದಲ ಕೆಲವು ವಾರ ಮಡಿಸದೆ ಬಿಟ್ಟ ಮಂಡಿಯೊಳಗೆ ಗಾಯದ ಅಂಗಾಂಶ ಬೆಳೆದು ಕೀಲು ಪೆಡಸಾಗಬಹುದು. ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸುವ ಪ್ರಸಂಗವೂ ಬರುತ್ತದೆ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ ಮಂಡಿ 90 ಡಿಗ್ರಿಗಿಂತ ತುಸು ಹೆಚ್ಚೇ ಮಡಿಚಬೇಕು. ದೀರ್ಘಕಾಲದ ನೋವಿನ ಅಧ್ಯಯನಗಳೂ ಇದೇ ಮಾತಾಡುತ್ತವೆ: ನರಳಿದಾಗಲೆಲ್ಲ ಓಡಿಬಂದು ಕೆಲಸ ಕಸಿದುಕೊಳ್ಳುವ ಸಂಗಾತಿಯಿದ್ದವರ ಓಡಾಟ ಕಡಿಮೆಯಾಗುವುದುಂಟು.

ಇನ್ನು ನಮ್ಮ ಹಿರಿಯರ ಮರ್ಯಾದೆ. ಥೆರಪಿಸ್ಟ್ ಬಂದು ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೇಳಿದರೆ ಅಮ್ಮ “ಪರವಾಗಿಲ್ಲ” ಅನ್ನುತ್ತಾರೆ. ಚೀಟಿಯಲ್ಲಿ ಅದು ಎರಡೋ ಮೂರೋ ಆಗಿ ಕೂರುತ್ತದೆ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ, ಡಾಕ್ಟರು ಹೇಳಿದ ಲೆಕ್ಕದಲ್ಲಿ, ನೋವಿನ ಮಾತ್ರೆ ನುಂಗಿದ್ದರೆ ಹಿಮ್ಮಡಿ ಜಾರಿಸಿ ಮಂಡಿ ಮಡಿಸುವುದು ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಆ “ಪರವಾಗಿಲ್ಲ”ದ ನಿಜವಾದ ಅರ್ಥ ಗೊತ್ತಿರುವುದು ಮಗಳಿಗೆ. ಪಕ್ಕದಲ್ಲಿ ಕೂತು ಅದನ್ನು ಬಿಡಿಸಿ ಹೇಳುವುದು, ಒಂದು ಎರಡು ಮೂರು ಅಂತ ಮಡಿಕೆ ಎಣಿಸುವುದು, ಇವೇ ಅಡುಗೆಗಿಂತ ದೊಡ್ಡ ಸೇವೆ.

ಅಡುಗೆಗಂತೂ ಕೊರತೆಯಾಗುವುದಿಲ್ಲ. ಪರಿಚಯದ ಕನ್ನಡ ಮನೆಗಳವರು ಸಾರು, ಪಲ್ಯ ಡಬ್ಬಿಗೆ ತುಂಬಿಕೊಂಡು ಬರುತ್ತಾರೆ. ತಟ್ಟೆಯನ್ನು ಹಾಸಿಗೆಯ ಹತ್ತಿರ ಒಯ್ಯಬೇಡಿ. ಊಟದ ಟೇಬಲಿನ ಮೇಲೆ ಡಬ್ಬಿಯ ಮುಚ್ಚಳ ತೆಗೆದಿಟ್ಟು, “ಬನ್ನಿ, ಇಲ್ಲೇ ಕೂತು ಉಣ್ಣೋಣ” ಅಂತ ಕರೆಯಿರಿ. ವಾಕರ್ ಟಕ್ ಟಕ್ ಅನ್ನುತ್ತ ಬರುವವರೆಗೆ ಸಾರು ಕೊಂಚ ಆರಿದರೆ ಆರಲಿ.