ಮೇಕೆಯ ನೆತ್ತರು, ಹಸಿರು ಬೆಳಕು

ಅಕ್ಕಿರಾಂಪುರದ ಕುರಿ ಸಂತೆಗೆ ಹೋಗುವುದಾದರೆ ಬಿಸಿಲೇರುವ ಮೊದಲೇ ಹೋಗಬೇಕು. ಟೆಂಪೊಗಳಿಂದ ಇಳಿಸಿದ ಕುರಿ, ಮೇಕೆಗಳ ಅರಚಾಟ, ತುಳಿದು ಪುಡಿಯಾದ ಹಿಕ್ಕೆಯ ದೂಳು, ಹೋತದ ಗಬ್ಬುನಾತ, ಇವೆಲ್ಲದರ ನಡುವೆ ಎಲ್ಲಿಂದಲೋ ತೇಲಿಬರುವ ಬೋಂಡದ ಎಣ್ಣೆ ವಾಸನೆ. ಕೊರಟಗೆರೆ ಸೀಮೆಯ ವ್ಯಾಪಾರಿಗೆ ಕೈಯೇ ತಕ್ಕಡಿ. ಬೆನ್ನುಮೂಳೆ ಸವರಿ, ಸೊಂಟ ಹಿಡಿದು ತುಸು ಎತ್ತಿ, ದವಡೆ ಬಿಡಿಸಿ ಹಲ್ಲು ನೋಡುತ್ತಾನೆ.

"ಎರಡಲ್ಲು ಯಜಮಾನ್ರೆ, ಇನ್ನೂ ಎಳೇದು."

"ಎಳೇದೋ ಬಲಿತದ್ದೋ, ಕೊಡೋ ರೇಟು ಹೇಳಿ ಗೌಡ್ರೆ."

ಮಾಂಸ ಎಷ್ಟು ಬೀಳುತ್ತದೆ ಎಂಬುದೇ ಇಲ್ಲಿನ ಲೆಕ್ಕ. ಮೇಕೆಯ ನೆತ್ತರಿಗೇ ಬೆಲೆ ಕಟ್ಟುವ ಜಾಗಗಳು ಬೇರೆ ಇವೆ.

ಬೆಂಗಳೂರಿನ ಜೀವವಿಜ್ಞಾನ ಪ್ರಯೋಗಾಲಯವೊಂದರ ಫ್ರಿಜ್ಜಿನ ಬಾಗಿಲು ತೆಗೆದರೆ, ಸಿಲ್ವರ್ ಫಾಯಿಲ್ ಸುತ್ತಿದ ಪುಟ್ಟ ಟ್ಯೂಬುಗಳ ಮೇಲೆ 'ಗೋಟ್ ಆ್ಯಂಟಿ ರ‍್ಯಾಬಿಟ್' ಎಂಬ ಚೀಟಿ ಕಾಣುತ್ತದೆ. ಮೊಲದ ಆ್ಯಂಟಿಬಾಡಿಯನ್ನು ಮೇಕೆಗೆ ಚುಚ್ಚಿದರೆ ಮೇಕೆಯ ಮೈ ಅದನ್ನು ಹೊರಗಿನದೆಂದು ಗುರುತಿಸಿ ಎದುರಾಳಿ ಆ್ಯಂಟಿಬಾಡಿ ತಯಾರಿಸುತ್ತದೆ. ಕೆಲವು ವಾರಗಳ ಮೇಲೆ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ಬೇಕಾದ್ದನ್ನು ಮಾತ್ರ ಸೋಸಿಕೊಂಡು, ಹೊಳೆಯುವ ಬಣ್ಣ ಅಂಟಿಸುತ್ತಾರೆ. ಫಾಯಿಲ್ ಸುತ್ತುವುದು ಅದಕ್ಕೇ. ಬೆಳಕು ಬಿದ್ದಷ್ಟೂ ಬಣ್ಣ ಮಂಕಾಗುತ್ತದೆ.

ಸ್ಲೈಡಿನ ಜೀವಕೋಶಗಳ ಮೇಲೆ ಮೊದಲು ಮೊಲದ ಆ್ಯಂಟಿಬಾಡಿ ಬಿಡುತ್ತಾರೆ. ಅದು ತಾನು ಹುಡುಕುವ ಪ್ರೋಟೀನಿಗೆ ಹೋಗಿ ಕಚ್ಚಿಕೊಳ್ಳುತ್ತದೆ, ಆದರೆ ಕಣ್ಣಿಗೆ ಕಾಣದು. ತೊಳೆದು, ಮೇಲೆ ಮೇಕೆಯದನ್ನು ಹಾಕಿ, ಕತ್ತಲಲ್ಲಿಟ್ಟು, ಮತ್ತೆ ತೊಳೆಯುತ್ತಾರೆ. ಬಿಟ್ಟ ತೊಳೆತ ಒಂದಾದರೂ ಇಡೀ ಸ್ಲೈಡು ಮಬ್ಬು. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ನೀಲಿ ಬೆಳಕು ಬಿದ್ದಲ್ಲೆಲ್ಲ ಕೋಶದ ಎಳೆ ಎಳೆಯೂ ಪಚ್ಚೆ ಹಸಿರಾಗಿ ಏಳುತ್ತದೆ. ಒಂದೊಂದು ಮೊಲದ ಆ್ಯಂಟಿಬಾಡಿಗೆ ಹಲವು ಮೇಕೆಯವು ಅಂಟುವುದರಿಂದ ಹೊಳಪು ಜಾಸ್ತಿ. ಒಂದೇ ಟ್ಯೂಬು ಮೊಲದಿಂದ ಬಂದ ಯಾವ ಆ್ಯಂಟಿಬಾಡಿಗೂ ಆದೀತು. ಆ್ಯಂಟಿಬಾಡಿಗೆ ನೇರವಾಗಿ ಬಣ್ಣ ಕಟ್ಟುವ ಯೋಚನೆಯನ್ನು 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು ಮಾಡಿ ತೋರಿಸಿದರು. ಈ ಎರಡು ಹಂತದ ಉಪಾಯ 1950ರ ದಶಕದ್ದು.

ಸುಮ್ಮನೆ ಸುಂದರ ಎಂದು ಬಿಡುವಂತಿಲ್ಲ. ಇಂಥ ಆ್ಯಂಟಿಬಾಡಿಗಾಗಿ ಸಾವಿರಾರು ಮೇಕೆ ಸಾಕಿದ್ದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬಯೋಟೆಕ್ನಾಲಜಿ ಕಂಪನಿ, ಪ್ರಾಣಿಗಳ ಆರೈಕೆಯಲ್ಲಿ ಲೋಪವೆಂಬ ಆರೋಪಗಳನ್ನು ಒಪ್ಪದೆ, ಅಲ್ಲಗಳೆಯದೆ, 2016ರಲ್ಲಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿ ರಾಜಿಯಾಯಿತು. ಮಾಂಸಕ್ಕೆ ಸಾಕುವವನನ್ನು ಕಟುಕನೆನ್ನುವ ಮುನ್ನ ಇದನ್ನೂ ನೆನೆಯಬೇಕು ಅನ್ನಿಸುತ್ತದೆ. ಜರ್ಮನಿಯ ಗಾಟಿಂಗೆನ್‌ನ ವಿಜ್ಞಾನಿಗಳು ಬ್ಯಾಕ್ಟೀರಿಯಾದಲ್ಲೇ ಬೆಳೆಸಬಹುದಾದ ಪುಟಾಣಿ ಆ್ಯಂಟಿಬಾಡಿಗಳನ್ನು ಬದಲಿಯಾಗಿ ಮುಂದಿಟ್ಟಿದ್ದಾರೆ. ಸದ್ಯಕ್ಕೆ ಫ್ರಿಜ್ಜುಗಳಲ್ಲಿ ಮೇಕೆಯ ಟ್ಯೂಬುಗಳದೇ ಸಾಲು.