ಹೊರಗೂ ಮಂಜು, ಗ್ಲಾಸಿನ ಒಳಗೂ ಮಂಜು: ಕಾರಲ್ಲಿ ಆ ಒಂದು ಬಟನ್ ಯಾಕೆ ಆಫ್ ಇರಬೇಕು?

ಇವತ್ತು ಮಗ್ಗೆಯ ನಮ್ಮ ಮನೆಯಿಂದಲೇ ರೆಕಾರ್ಡ್ ಮಾಡ್ತಾ ಇದ್ದೀನಿ. ಹಿಂದೆ ಕಣದಲ್ಲಿ ಕಾಫಿ ಹಣ್ಣು ಕೆದಕೋ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಕುಯ್ಲಿನ ಟೈಮು.

ಹೋದ ವರ್ಷ ಇದೇ ಟೈಮಲ್ಲಿ ಅಜ್ಜಿಯನ್ನ ಹಾಸನಕ್ಕೆ ಡಾಕ್ಟರ್ ಹತ್ರ ಕರ್ಕೊಂಡು ಹೊರಟಿದ್ವಿ. ಬೆಳಗ್ಗೆ ಏಳು ಗಂಟೆ, ಎದುರಿಗಿರೋ ಸಿಲ್ವರ್ ಮರ ಕಾಣದಷ್ಟು ಮಂಜು. ಕಾರಲ್ಲಿ ಐದು ಜನ, ಡಿಕ್ಕಿಯಲ್ಲಿ ಹಿಂದಿನ ದಿನದ ಒದ್ದೆ ಗೋಣಿಚೀಲ. "ಕಿಟಕಿ ಏರ್ಸೋ, ಅಜ್ಜಿಗೆ ಶೀತ ಆಗುತ್ತೆ" ಅಂದ್ರು ಅಮ್ಮ. ಏರಿಸಿದೆ. ಹೊರಗಿನ ಮಂಜು ಒಳಗೆ ಬರದೇ ಇರಲಿ ಅಂತ ಗಾಳಿ ಒಳಗೇ ಸುತ್ತೋ ಬಟನ್ನೂ ಒತ್ತಿದೆ. ಎರಡೇ ನಿಮಿಷಕ್ಕೆ ಗ್ಲಾಸ್ ಮಬ್ಬು. ಅಂಗೈಯಲ್ಲಿ ಒರೆಸ್ಕೊಂಡು ಓಡಿಸ್ತಾ ಇದ್ದೆ. ತಿರುವಲ್ಲಿ ಎದುರಿಂದ ಪಿಕಪ್ ಬಂತು. ಅದರ ಲೈಟಿಗೆ ನನ್ನ ಅಂಗೈ ಗೀಟುಗಳೆಲ್ಲ ಬೆಳ್ಳಗೆ ಹೊಳೆದು ಏನೂ ಕಾಣಲಿಲ್ಲ. ಬ್ರೇಕ್ ಹಾಕಿದೆ. ಕಿಟಕಿ ಇಳಿಸಿ ನೋಡಿದ್ರೆ, ಬಂಪರಿನಿಂದ ಒಂದು ಮಾರು ದೂರದಲ್ಲಿ ಕಾಫಿ ಕುಯ್ಯೋಕೆ ಹೊರಟಿದ್ದ ಇಬ್ಬರು ಹೆಂಗಸರು. ಬುತ್ತಿ ಚೀಲ ಎದೆಗೆ ಅವುಚಿಕೊಂಡು ನಿಂತಿದ್ರು. "ನಿಧಾನ ಕಣಪ್ಪಾ" ಅಂದ್ರು, ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಆಮೇಲೆ ಕೂತು ಓದಿದೆ. ನಾನು ಬಿ.ಕಾಂ. ಓದಿದವನು, ನನಗೆ ಇದು ಅರ್ಥ ಆಗಿದ್ದು ಬ್ಯಾಂಕ್ ಲೆಕ್ಕದಲ್ಲೇ. ಗಾಳಿಗೆ ನೀರಾವಿ ಇಟ್ಕೊಳ್ಳೋಕೆ ಒಂದು ಲಿಮಿಟ್ ಇದೆ, ಬಿಸಿ ಏರಿದಷ್ಟೂ ಆ ಲಿಮಿಟ್ ಏರುತ್ತೆ. 12 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 11 ಗ್ರಾಂ ಇಟ್ಕೊಳ್ಳುತ್ತೆ, 22 ಡಿಗ್ರಿಯಲ್ಲಿ ಸುಮಾರು 19. ಲಿಮಿಟ್ ದಾಟಿದ್ದು ತಣ್ಣಗಿರೋ ಗ್ಲಾಸಿನ ಮೇಲೆ ನೀರಾಗಿ ಕೂರುತ್ತೆ.

ಈಗ ಜಮಾ ನೋಡಿ. ಉಸಿರು, ಚರ್ಮ ಎರಡೂ ಸೇರಿ ಒಬ್ಬರಿಂದ ದಿನಕ್ಕೆ ಸುಮಾರು 800 ಮಿಲಿ ನೀರು ಆವಿಯಾಗಿ ಹೋಗುತ್ತೆ. ಅಂದ್ರೆ ಗಂಟೆಗೆ 30 ಗ್ರಾಂ ಚಿಲ್ಲರೆ. ಐದು ಜನ, ಹತ್ತು ನಿಮಿಷ: 25 ಗ್ರಾಂ ಮೇಲೆ. ಕಾರೊಳಗಿನ ಜಾಗ 3 ಘನ ಮೀಟರ್ ಅಂದ್ಕೊಂಡ್ರೆ, 12 ಡಿಗ್ರಿ ಗ್ಲಾಸಿನ ಲೆಕ್ಕಕ್ಕೆ ಒಟ್ಟು ಲಿಮಿಟ್ 33 ಗ್ರಾಂ, ಮಂಜಿನ ದಿನ ಅದು ಮೊದಲೇ ತುಂಬಿರುತ್ತೆ. ಗೋಣಿಚೀಲದ ನೀರು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ನೀವು ಕೇಳಬಹುದು, ಹೊರಗೆ ಅಷ್ಟು ಮಂಜು ಇರುವಾಗ ಆ ಗಾಳಿನೇ ಒಳಗೆ ಬಿಟ್ಕೊಂಡ್ರೆ ಇನ್ನೂ ಜಾಸ್ತಿ ಆಗಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ, ಎಡವಿದ್ದೂ ಅಲ್ಲೇ. ಮಂಜಿನ ಹನಿಗಳಲ್ಲಿರೋ ನೀರು ಘನ ಮೀಟರಿಗೆ ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಇರಲ್ಲ. ಹೊರಗಿನ 12 ಡಿಗ್ರಿ ಗಾಳಿ ಪೂರ್ತಿ ತುಂಬಿದ್ರೂ 11 ಗ್ರಾಂ. ಅದನ್ನೇ ಒಳಗೆ 22 ಡಿಗ್ರಿಗೆ ಕಾಯಿಸಿದ್ರೆ ಇನ್ನೂ 8 ಗ್ರಾಂ ಹಿಡಿಯೋಷ್ಟು ಜಾಗ ಉಳಿಯುತ್ತೆ. ಕಣ್ಣಿಗೆ ಒದ್ದೆಯಾಗಿ ಕಾಣೋ ಹೊರಗಿನ ಗಾಳಿ, ನಮ್ಮ ಉಸಿರು ತುಂಬಿದ ಗಾಳಿಗಿಂತ ಒಣಗಿರುತ್ತೆ.

ಹಾಗಾಗಿ ಕಾರಿನ ಚಿತ್ರದೊಳಗೆ ಬಾಣ ಸುತ್ತಿರೋ ಬಟನ್ ಇದೆಯಲ್ಲ, ಮಂಜಿನ ದಿನ ಅದರ ಲೈಟ್ ಆರಿರಬೇಕು. ಗಾಳಿಯನ್ನ ಮುಂದಿನ ಗ್ಲಾಸಿನ ಕಡೆ ತಿರುಗಿಸಿ. ಟೆಂಪರೇಚರ್ ಕೆಂಪು ಕಡೆಗೆ, ಜೊತೆಗೆ ಎಸಿ ಆನ್. ಚಳಿಯಲ್ಲಿ ಎಸಿನಾ ಅಂತ ಅಪ್ಪ ಈಗಲೂ ನಗ್ತಾರೆ. ಆದರೆ ಎಸಿ ಗಾಳಿಯ ನೀರನ್ನ ಒಳಗಿನ ಕಾಯಿಲ್ ಮೇಲೆ ಇಳಿಸಿ, ಪೈಪಿನಲ್ಲಿ ಕಾರಿನ ಕೆಳಗೆ ಸುರಿಸುತ್ತೆ. ಆ ಒಣಗಾಳಿನೇ ಹೀಟರ್ ದಾಟಿ ಬೆಚ್ಚಗೆ ಬರುತ್ತೆ. ಪೆಟ್ರೋಲ್, ಡೀಸೆಲ್ ಕಾರಲ್ಲಿ ಹೀಟರಿಗೆ ಬಿಸಿ ಬರೋದು ಎಂಜಿನ್ನಿಂದ, ಅದಕ್ಕೆ ಕೆಲವು ನಿಮಿಷ ಬೇಕು. ಎಸಿ ಅಷ್ಟು ಕಾಯಿಸಲ್ಲ. ಎಸಿ ಇಲ್ಲದ ಕಾರಾದ್ರೆ ಕಿಟಕಿ ಎರಡು ಬೆರಳು ಇಳಿಸಿ. ಆನೆ ಭಯಕ್ಕೆ ಪೂರ್ತಿ ಇಳಿಸೋಕೆ ನಮ್ಮ ಕಡೆ ಯಾರೂ ಒಪ್ಪಲ್ಲ ಬಿಡಿ, ಎರಡು ಬೆರಳು ಸಾಕು.

ಒಂದು ವ್ಯತ್ಯಾಸ. ಮಳೆಗಾಲದಲ್ಲಿ ಶಿರಾಡಿ ಇಳಿಯುವಾಗ ಎಸಿ ಜೋರಾಗಿಟ್ರೆ ಗ್ಲಾಸ್ ತಣ್ಣಗಾಗಿ ಮಬ್ಬು ಹೊರಗಡೆ ಕಟ್ಟುತ್ತೆ. ಒಳಗೆ ಎಷ್ಟು ಒರೆಸಿದ್ರೂ ಹೋಗಲ್ಲ. ಬೆರಳಲ್ಲಿ ಒಂದು ಗೀಟು ಎಳೆದು ನೋಡಿ. ಗೀಟು ಮೂಡದಿದ್ರೆ ಅದು ಹೊರಗಿನದು. ವೈಪರ್ ಹಾಕಿ, ಎಸಿ ತಂಪು ಕಡಿಮೆ ಮಾಡಿ.

ಅಂಗೈಯಲ್ಲಿ ಮಾತ್ರ ಒರೆಸಬೇಡಿ. ಕೈ ಜಿಡ್ಡು ಗ್ಲಾಸಿಗೆ ಅಂಟಿ, ಎದುರಿನ ಲೈಟ್ ಬಿದ್ದಾಗ ಚದುರುತ್ತೆ. ಹಳೇ ಕಾಟನ್ ಪಂಚೆ ತುಂಡು ಒಂದು ಸೀಟಿನ ಪಕ್ಕ ಇರಲಿ. ಗ್ಲಾಸಿನ ಒಳಮೈ ತಿಂಗಳಿಗೊಮ್ಮೆ ಚೆನ್ನಾಗಿ ತೊಳೆದಿದ್ರೆ ಮಬ್ಬು ಕೂರೋದೂ ಕಡಿಮೆ.

ನೀರು ಎಲ್ಲಿಂದ ಬರ್ತಿದೆ ಅಂತಾನೂ ಹುಡುಕಿ. ರಾತ್ರಿ ಒದ್ದೆ ಮ್ಯಾಟ್, ಛತ್ರಿ, ಚೀಲ ಹೊರಗೆ ತೆಗೀರಿ. ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಡ್ರೈವರ್ ಪಕ್ಕದ ಸೀಟಿನ ಕಾಲ ಬಳಿ ನೀರು ನಿಂತಿದ್ರೆ ಎಸಿ ನೀರಿನ ಪೈಪ್ ಕಟ್ಟಿರಬಹುದು. ಮಬ್ಬು ಜಿಡ್ಡುಜಿಡ್ಡಾಗಿ, ಸಿಹಿ ವಾಸನೆ ಬಂದ್ರೆ ಹೀಟರಿನಿಂದ ಕೂಲೆಂಟ್ ಸೋರ್ತಿರಬಹುದು, ಅದು ಮೆಕ್ಯಾನಿಕ್ ಕೆಲಸ. ಅಕ್ಕಿ ಗಂಟು ಇಡೋ ವಿಡಿಯೋ ನೋಡಿರ್ತೀರಿ. ಆ ಅಕ್ಕಿ ಅನ್ನಕ್ಕೆ ಇರಲಿ. ಸಿಲಿಕಾ ಜೆಲ್ ಚೀಲ ನಿಂತ ಕಾರಿಗೆ ಸ್ವಲ್ಪ ಸಹಾಯ ಮಾಡುತ್ತೆ, ಆಗಾಗ ಒಣಗಿಸಬೇಕು. ಐದು ಜನರ ಉಸಿರಿಗೆ ಅದು ಸಾಲಲ್ಲ.

ಗ್ಲಾಸಿನ ಒಳಗೇ ಐಸ್ ಕಟ್ಟೋದು ನಮ್ಮಲ್ಲಿಲ್ಲ, ಅಷ್ಟು ಚಳಿ ಇಲ್ಲ. ಆದರೆ ಜನವರಿಯಲ್ಲಿ ಊಟಿಗೆ ಹೋಗೋರು, ಕೆನಡಾದಲ್ಲಿ ಕೂತು ಕೇಳ್ತಿರೋರು ಇದ್ದೀರಲ್ಲ: ಅದೂ ಇದೇ ನೀರು, ರಾತ್ರಿ ಸೊನ್ನೆಗಿಂತ ಕೆಳಗೆ ಹೋದಾಗ ಹೆಪ್ಪುಗಟ್ಟಿದ್ದು. ಲಾಕ್ ಮಾಡೋ ಮುಂಚೆ ಒಂದು ನಿಮಿಷ ಬಾಗಿಲು ತೆಗೆದಿಟ್ಟು ಒಳಗಿನ ಬೆಚ್ಚಗಿನ ತೇವ ಹೊರಗೆ ಬಿಡಿ. ಬೆಳಗ್ಗೆ ಬಿಸಿನೀರು ಮಾತ್ರ ಸುರಿಯಬೇಡಿ, ಗ್ಲಾಸ್ ಸೀಳಬಹುದು.

ನಾಳೆ ಅಜ್ಜಿಗೆ ಮತ್ತೆ ಹಾಸನದಲ್ಲಿ ಚೆಕಪ್ ಇದೆ. ಎಂಟೂವರೆಗೆ ಹೊರಡೋಣ ಅಂದಿದ್ದೀನಿ, ಅಮ್ಮ ಇನ್ನೂ ಒಪ್ಪಿಲ್ಲ. ನಿಮ್ಮ ಕಾರಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಸಿಗೋಣ.