ತಂತಿಯ ಮೇಲೆ ಹೊರಿಸಿದ ತಪ್ಪು

ನಮ್ಮ ಕಡೆ ಏನು ಕೆಟ್ಟರೂ ಅದಕ್ಕೆ ಒಂದೇ ಕಾರಣವನ್ನು ಹೇಳುವ ವಾಡಿಕೆ ಬಹಳ ಕಾಲದಿಂದ ಬೆಳೆದುಬಂದಿದೆ. ಮಳೆ ಬಾರದಿದ್ದರೆ ನಮ್ಮ ಸೀಮೆಯೇ ಹೀಗೆ. ಬಸ್ಸು ಬಾರದಿದ್ದರೂ ನಮ್ಮ ಸೀಮೆಯೇ ಹೀಗೆ. ಹುಡುಗ ಪರೀಕ್ಷೆಯಲ್ಲಿ ನಪಾಸಾದರೆ ಅದಕ್ಕೂ ಅದೇ ಸಮಾಧಾನ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಜನ ಬೇರೆ ಯಾವ ವಿಷಯದಲ್ಲಿ ಒಪ್ಪದಿದ್ದರೂ ಈ ಒಂದು ಮಾತಿನಲ್ಲಿ ಒಪ್ಪಿಬಿಡುತ್ತಾರೆ. ನಾನೂ ಅದನ್ನು ಬೇಕಾದಷ್ಟು ಸಲ ಆಡಿದವನೇ. ಆದರೆ ಕಳೆದ ಕಾರ್ತಿಕದಲ್ಲಿ ನನ್ನ ತಂಗಿಯ ಮನೆಯಲ್ಲಿ ನಡೆದ ಒಂದು ಪ್ರಸಂಗದ ಮೇಲೆ ಆ ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಸ್ವಲ್ಪ ತಡೆದು ನಿಲ್ಲುವಂತಾಗಿದೆ.

ತಂಗಿ ಇರುವುದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಹಳೆಯ ಬೀದಿಯೊಂದರಲ್ಲಿ. ಒಂದು ಬೆಳಿಗ್ಗೆ ಅವಳಿಂದ ಫೋನು ಬಂದಿತು. "ಅಣ್ಣ, ಬಳೆ ಅಡವಿಡೋಣ ಅಂತಿದೀನಿ. ನೀನೊಂದು ಸಲ ಬಂದು ನೋಡಿ ಹೇಳು" ಎಂದಳು. ಬಳೆಗಳು ನಮ್ಮ ತಾಯಿಯವು. ಕಾರಣ ಕೇಳಿದರೆ, ಮಗನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಬೇಕಂತೆ, ಅರವತ್ತು ಸಾವಿರವಾಗುತ್ತದಂತೆ. ಅದಿಲ್ಲವಾದರೆ ಹುಡುಗ ಬೆಂಗಳೂರಿಗೆ ಹೋಗಿ ಕೋಣೆ ಹಿಡಿಯುತ್ತೇನೆಂದು ಹಟ ಹಿಡಿದಿದ್ದಾನೆ. ಈ ಊರಿನಲ್ಲಿ ತನ್ನ ಕೆಲಸ ನಡೆಯದೆಂಬುದು ಅವನ ವಾದ.

ಕೆಲಸವೆಂದರೇನೆಂಬುದನ್ನು ವಾಚಕರಿಗೆ ಹೇಳಬೇಕು. ನನ್ನ ಸೋದರಳಿಯ ಪದವೀಧರ. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಪಬ್‌ಜಿ ಬ್ಯಾಟಲ್‌ಗ್ರೌಂಡ್ಸ್ ಎಂಬ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತ, ಆಡುವುದನ್ನು ಆಡುತ್ತಿರುವಂತೆಯೇ ಯೂಟ್ಯೂಬಿನಲ್ಲಿ ಬಿತ್ತರಿಸುತ್ತ, ಅಚ್ಚಗನ್ನಡದಲ್ಲಿ ವ್ಯಾಖ್ಯಾನ ಮಾಡುತ್ತಾನೆ. 2022ರ ಜನವರಿಯಿಂದ ಈ ಆಟಕ್ಕೆ ಹಣ ಕೊಡಬೇಕಾಗಿಲ್ಲ. ನಾಲ್ವರು ಕೂಡಿ ಒಂದು ತಂಡವಾಗಿ ಆಡುವುದು ಅದರ ಕ್ರಮ. ಇವನ ತಂಡದ ಉಳಿದ ಮೂವರಲ್ಲಿ ಒಬ್ಬ ಸಿರಾದವನು, ಒಬ್ಬ ಕೊರಟಗೆರೆಯವನು, ಇನ್ನೊಬ್ಬ ಪಾವಗಡದವನು. ಒಬ್ಬರ ಮನೆಗೊಬ್ಬರು ಅಪರೂಪಕ್ಕೂ ಹೋಗದ ಈ ಹುಡುಗರು ಪ್ರತಿರಾತ್ರಿ ಇಲ್ಲದ ದ್ವೀಪವೊಂದರಲ್ಲಿ ಭೇಟಿಯಾಗುತ್ತಾರೆ. ನೋಡುವವರು ಮೂವತ್ತು ನಲವತ್ತು ಮಂದಿ. ಯೂಟ್ಯೂಬಿನಿಂದ ಜಾಹೀರಾತಿನ ಹಣ ಬರಬೇಕಾದರೆ ಸಾವಿರ ಮಂದಿ ಚಂದಾದಾರರಾಗಬೇಕು, ಹನ್ನೆರಡು ತಿಂಗಳಲ್ಲಿ ಒಟ್ಟು 4000 ಗಂಟೆ ಜನ ನೋಡಿರಬೇಕು. ಇವನು ಒಂಬೈನೂರನ್ನು ದಾಟಿ ನಿಂತಿದ್ದನು. ದಡ ಕಾಣುತ್ತಿರುವಾಗಲೇ ದೋಣಿ ಸೋರತೊಡಗಿತ್ತು.

ತೊಂದರೆ ವಿಚಿತ್ರವಾದದ್ದು. ಸುಮ್ಮನೆ ಆಡಿದರೆ ಆಟ ನೀರು ಹರಿದಂತೆ ನಡೆಯುತ್ತದೆ. ಬಿತ್ತರಿಸಲು ಆರಂಭಿಸಿದೊಡನೆ ನಡೆಯುವ ಮನುಷ್ಯ ಕುಪ್ಪಳಿಸುತ್ತಾನೆ. ಗುರಿಯಿಟ್ಟು ಗುಂಡು ಹಾರಿಸುವಷ್ಟರಲ್ಲಿ ಎದುರಾಳಿ ಅಲ್ಲಿರುವುದಿಲ್ಲ. ನೋಡುವವರಿಗಂತೂ ಚಿತ್ರ ನಿಂತು ನಿಂತು ಬರುತ್ತದೆ. "ಅಣ್ಣಾ, ಲ್ಯಾಗ್" ಎಂದು ನಾಲ್ಕು ಮಂದಿ ಬರೆಯುತ್ತಾರೆ; ನಲವತ್ತು ಮಂದಿ ಇದ್ದದ್ದು ಹನ್ನೆರಡಾಗುತ್ತದೆ. ಸ್ನೇಹಿತರು ಕೊಟ್ಟ ತೀರ್ಪು, ಈ ಊರಿನ ನೆಟ್‌ವರ್ಕ್ ಇಷ್ಟೇ ಎಂದು. ಬೆಂಗಳೂರಿನ ಅಂಗಡಿಯವನೊಬ್ಬ ಫೋನಿನಲ್ಲೇ ನಾಡಿ ಹಿಡಿದು ಹೊಸ ಕಾರ್ಡು ಕೊಳ್ಳಿರೆಂದು ಹೇಳಿದ್ದನು. ಭಾವನವರ ತೀರ್ಪು ಬೇರೆ: ಆಟವೇ ದರಿದ್ರ.

ಕಂಪ್ಯೂಟರಿನ ವಿದ್ಯೆಯಲ್ಲಿ ನಾನು ದೊಡ್ಡವನಲ್ಲ. ಆದರೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿದವನು. ಅಳೆಯದೆ ಯಾವುದನ್ನೂ ನಂಬಬೇಡಿರೆಂದು ಮಕ್ಕಳನ್ನು ಗದರಿಸಿದವನು. "ಮೊದಲು ತಂತಿಯನ್ನೇ ಅಳೆಯೋಣ ಕಣೋ" ಎಂದೆನು. ಅಳೆದೆವು. ಹೊರಗೆ ಕಳುಹಿಸುವ ವೇಗ ಸೆಕೆಂಡಿಗೆ 38 ಮೆಗಾಬಿಟ್. ಅವನು ಕಳುಹಿಸುತ್ತಿದ್ದ ಚಿತ್ರಕ್ಕೆ ಬೇಕಾದದ್ದು 6. ಆಟಕ್ಕೆ ಒಂದು ಮೆಗಾಬಿಟ್ಟೂ ಬೇಡ. ಅದು ಯಾರು ಎಲ್ಲಿದ್ದಾರೆಂಬ ಸಮಾಚಾರವನ್ನಷ್ಟೆ ಕಳುಹಿಸುತ್ತದೆ, ಚಿತ್ರವನ್ನಲ್ಲ. ಆರು ಸೇರಿನ ದಾರಿಯಲ್ಲಿ ಮೂವತ್ತೆಂಟು ಸೇರು ಹೋಗುವಷ್ಟು ಸ್ಥಳವಿದ್ದಿತು. "ಹಾಗಾದ್ರೆ ನೆಟ್‌ವರ್ಕ್ ಅಲ್ವಾ ಮಾವ?" ಎಂದು ಕೇಳಿದ ಹುಡುಗನ ದನಿಯಲ್ಲಿ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಗಿತ್ತು. ಬೈಯುವುದಕ್ಕೆ ಇದ್ದ ಒಂದು ಆಧಾರ ತಪ್ಪಿತಲ್ಲ!

ಬಿತ್ತರಿಸಲು ಅವನು ಬಳಸುವುದು ಓ.ಬಿ.ಎಸ್. ಸ್ಟುಡಿಯೋ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಅಂಕಿ ಅಂಶಗಳ ಕಿಟಕಿಯೊಂದಿದೆ. ಎರಡು ವರ್ಷದಿಂದ ಅವನು ಅದನ್ನು ತೆರೆದೇ ಇರಲಿಲ್ಲ. ರೋಗಿಯ ತಲೆದೆಸೆಯಲ್ಲಿ ನೇತುಹಾಕಿದ ಜ್ವರದ ಪಟ್ಟಿಯಂತೆ ಅಲ್ಲಿ ಮೂರು ಸಾಲುಗಳಿವೆ. ಚಿತ್ರವನ್ನು ಜೋಡಿಸುವುದರಲ್ಲಿ ತಡವಾಗಿ ತಪ್ಪಿದವೆಷ್ಟು, ಜೋಡಿಸಿದ್ದನ್ನು ಕುಗ್ಗಿಸುವುದರಲ್ಲಿ ತಡವಾಗಿ ಬಿಟ್ಟುಹೋದವೆಷ್ಟು, ಕುಗ್ಗಿಸಿದ ಮೇಲೆ ದಾರಿಯಲ್ಲಿ ಬಿದ್ದುಹೋದವೆಷ್ಟು. ಹತ್ತು ನಿಮಿಷ ಬಿತ್ತರಿಸಿ ನೋಡಿದೆವು. ದಾರಿಯಲ್ಲಿ ಬಿದ್ದದ್ದು ಸೊನ್ನೆ. ಕುಗ್ಗಿಸುವುದರಲ್ಲಿ ಬಿಟ್ಟುಹೋದದ್ದು ನೂರಕ್ಕೆ ಹದಿನೆಂಟು. ಜೋಡಿಸುವುದರಲ್ಲಿ ತಪ್ಪಿದ್ದು ನೂರಕ್ಕೆ ಏಳು. ಹೊರಗಿನ ತಂತಿ ನಿರಪರಾಧಿ. ಕಳ್ಳ ಮನೆಯೊಳಗೇ ಇದ್ದನು.

ಈ ಕುಗ್ಗಿಸುವ ಕೆಲಸ ಎಷ್ಟು ದೊಡ್ಡದೆಂಬುದನ್ನು ನಾನು ಅಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ ಬೆರಗಾದೆನು. ಒಂದು ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳು; ಚುಕ್ಕೆಯೊಂದಕ್ಕೆ 24 ಬಿಟ್; ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ಬಿಟ್. ಅದನ್ನು ಅರವತ್ತು ಲಕ್ಷಕ್ಕೆ ಇಳಿಸಬೇಕು. ಎಂದರೆ ಐನೂರರಲ್ಲಿ ಒಂದು ಪಾಲು ಉಳಿಸಿಕೊಂಡು, ನೋಡುವವನಿಗೆ ಏನೂ ಹೋಗಿಲ್ಲವೆನ್ನಿಸಬೇಕು. ಒಂದೊಂದು ಚಿತ್ರಕ್ಕೂ ಸಿಕ್ಕುವ ಕಾಲಾವಕಾಶ ಸೆಕೆಂಡಿನ ಅರವತ್ತನೆಯ ಒಂದು ಭಾಗ. ಹುಡುಗ ಈ ಕೆಲಸವನ್ನು ಪ್ರೊಸೆಸರಿಗೆ ಒಪ್ಪಿಸಿದ್ದನು. ಅದೂ ಸಾಲದೆ, ಯಾರದೋ ಉಪದೇಶ ಕೇಳಿ, ಚಿತ್ರ ಚೆನ್ನಾಗಿ ಬರಲೆಂದು 'ಸ್ಲೋ' ಎಂಬ ಮಟ್ಟಕ್ಕೆ ತಿರುಗಿಸಿದ್ದನು. ಮಟ್ಟ ನಿಧಾನವಾದಷ್ಟೂ ಒಂದೊಂದು ಚಿತ್ರದ ಮೇಲೆ ಯಂತ್ರ ಹೆಚ್ಚು ಹೊತ್ತು ಚಿಂತಿಸುತ್ತದೆ. ಅತ್ತ ಆಟವನ್ನು ನಡೆಸಬೇಕಾದವನೂ ಅದೇ ಪ್ರೊಸೆಸರು.

ನಮ್ಮ ಮೂಡಲಪಾಯದ ಬಯಲಾಟವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಭಾಗವತ ಹಿಂದೆ ನಿಂತು ಹಾಡುತ್ತಾನೆ, ಮದ್ದಳೆಯವನು ಬಾರಿಸುತ್ತಾನೆ, ಮುಖವೀಣೆಯವನು ಊದುತ್ತಾನೆ, ವೇಷಧಾರಿ ಕುಣಿಯುತ್ತಾನೆ. ವೇಷಧಾರಿಯೊಬ್ಬನೇ ಇವಿಷ್ಟನ್ನೂ ಮಾಡತಕ್ಕದ್ದೆಂದರೆ ಕಿರೀಟ ಒಂದು ಕಡೆ, ಮದ್ದಳೆ ಒಂದು ಕಡೆ ಬಿದ್ದಾವು. "ನಿನ್ನ ಯಂತ್ರಕ್ಕೆ ಭಾಗವತನೊಬ್ಬ ಬೇಕಪ್ಪ" ಎಂದೆನು. ಹುಡುಕಿದರೆ ಭಾಗವತ ಆಗಲೇ ಮನೆಯಲ್ಲಿದ್ದನು! ಎನ್‌ವಿಡಿಯಾ ಕಂಪೆನಿಯವರು 2012ರಿಂದೀಚೆಗೆ ತಮ್ಮ ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಕುಗ್ಗಿಸುವುದಕ್ಕೆಂದೇ ಪ್ರತ್ಯೇಕವಾದೊಂದು ಭಾಗವನ್ನು ಇರಿಸುತ್ತ ಬಂದಿದ್ದಾರೆ. ಎನ್‌ವೆಂಕ್ ಎಂದು ಅದರ ಹೆಸರು. ಇವನು ಹಳೆಯದೆಂದು ಜರೆಯುತ್ತಿದ್ದ ಕಾರ್ಡಿನಲ್ಲಿಯೂ ಅದು ಇದ್ದಿತು, ಕೆಲಸವಿಲ್ಲದೆ ಕುಳಿತಿದ್ದಿತು. ಓ.ಬಿ.ಎಸ್.ನಲ್ಲಿ ಎನ್‌ಕೋಡರನ್ನು ಅದಕ್ಕೆ ಬದಲಾಯಿಸಿದೆವು. ಹದಿನೆಂಟು ಸೊನ್ನೆಯಾಯಿತು. ಖರ್ಚೂ ಸೊನ್ನೆ.

ಏಳು ಮಾತ್ರ ಹಾಗೆಯೇ ಉಳಿಯಿತು. ಅದರ ಕಾರಣ ಇನ್ನೂ ಸರಳ. ಆಟದ ದೃಶ್ಯ, ಮೂಲೆಯಲ್ಲಿ ಇವನ ಮುಖ, ಕೆಳಗೆ ಓಡುವ ಅಕ್ಷರ, ಇವನ್ನೆಲ್ಲ ಒಂದು ಚಿತ್ರವಾಗಿ ಜೋಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದೇ. ಆಟಕ್ಕೆ ಮಿತಿಯನ್ನೇ ಹಾಕದಿದ್ದುದರಿಂದ ಅದು ಸೆಕೆಂಡಿಗೆ ನೂರಹತ್ತು ಚಿತ್ರಗಳನ್ನು ಬರೆಯುತ್ತ ಕಾರ್ಡನ್ನು ನೂರಕ್ಕೆ ತೊಂಬತ್ತೊಂಬತ್ತರಷ್ಟು ತಾನೇ ಕಬಳಿಸಿತ್ತು. ಇವನ ಪರದೆ ತೋರಿಸಬಲ್ಲದ್ದು ಎಪ್ಪತ್ತೈದನ್ನು ಮಾತ್ರ. ಕಾಣದ ಮೂವತ್ತೈದು ಚಿತ್ರಗಳಿಗಾಗಿ ಕಾಣುವ ಚಿತ್ರ ಕೆಡುತ್ತಿತ್ತು. ಆಟದ ಸೆಟ್ಟಿಂಗಿನಲ್ಲಿ ಎಪ್ಪತ್ತೈದಕ್ಕೆ ಮಿತಿ ಹಾಕಿಸಿದೆನು. ಎಂದೋ ಸೇರಿಸಿ ಮರೆತಿದ್ದ ಇಡೀ ಪರದೆಯನ್ನು ಹಿಡಿಯುವ ಎರಡನೆಯ ಮೂಲವನ್ನೂ ತೆಗೆಸಿದೆನು.

ಗೆದ್ದೆವೆಂದು ಕಾಫಿ ಕುಡಿದೆವು. ಸರಿಯಾಗಿ ನಲವತ್ತು ನಿಮಿಷವಾದ ಮೇಲೆ ಮತ್ತೆ ಕುಪ್ಪಳಿಕೆ!

ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಥಟ್ಟನೆ ತೆಗೆದೆನು. ಕಾರ್ಡಿನ ಬಿಸಿ 84 ಡಿಗ್ರಿ. ಯಂತ್ರ ಹೀಗೆ ಕಾದರೆ ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎತ್ತು ಏದುಸಿರು ಬಂದಾಗ ನೇಗಿಲೆಳೆಯದೆ ನಿಂತುಬಿಡುವಂತೆ. ವಿದ್ಯುತ್ತನ್ನು ತೆಗೆದು, ಪಕ್ಕದ ತಗಡನ್ನು ಬಿಚ್ಚಿದೆವು. ಒಳಗೆ ಕಂಡದ್ದನ್ನು ನಾನು ಮರೆಯಲಾರೆ. ತಂಗಿಯ ಮನೆಯ ಹಿತ್ತಲಿಗೆ ಹೊಂದಿಕೊಂಡಂತೆ ಕಡಲೆಕಾಯಿ ಸುಲಿಯುವ ಯಂತ್ರವಿದೆ; ಕಾರ್ತಿಕವೆಂದರೆ ಅದಕ್ಕೆ ಬಿಡುವಿಲ್ಲದ ಕಾಲ. ಬೀಜದ ಕೆಂಪು ಸಿಪ್ಪೆ, ಮಣ್ಣಿನ ಧೂಳು ಎರಡೂ ಸೇರಿ ಫ್ಯಾನುಗಳ ಹಿಂದೆ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಗಾಳಿ ಹೋಗುವ ಬೆನ್ನಭಾಗವಂತೂ ಗೋಡೆಗೆ ಒತ್ತಿತ್ತು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತನೆಯ ಕುಂಚದಿಂದ ಅಳಿಯ ಒಂದು ಗಂಟೆ ಧೂಳು ತೆಗೆದನು. ತಂಗಿ ಮೊರ ತಂದು ಹಿಡಿದಳು. ಮೊರದಲ್ಲಿ ಬಿದ್ದದ್ದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದೆವು. ಅನಂತರ ಎರಡು ಗಂಟೆ ಆಡಿದರೂ ಬಿಸಿ 71ನ್ನು ದಾಟಲಿಲ್ಲ.

ನೆಟ್‌ವರ್ಕ್ ಎಂದೂ ತಪ್ಪು ಮಾಡುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಕೊರಟಗೆರೆಯ ಹುಡುಗ ತಾನೂ ಬಿತ್ತರಿಸುವವನು; ಆ ರಾತ್ರಿಯೇ ತನ್ನ ಕಿಟಕಿಯನ್ನು ತೆರೆದು ನೋಡಿದರೆ ಮೂರನೆಯ ಸಾಲೇ ಕೆಂಪಾಗಿತ್ತು. ಅವನ ಮನೆಯಲ್ಲಿ ರೂಟರಿಗೂ ಕಂಪ್ಯೂಟರಿಗೂ ನಡುವೆ ಎರಡು ಕಲ್ಲುಗೋಡೆ. ಗಾಳಿಯಲ್ಲಿ ಕಳುಹಿಸುವುದನ್ನು ಬಿಟ್ಟು ಕೇಬಲ್ ಎಳೆದನು, ಚಿತ್ರವನ್ನು 720ಕ್ಕೆ ಇಳಿಸಿ ಬಿಟ್‌ರೇಟನ್ನು ಅರ್ಧ ಮಾಡಿದನು, ಸರಿಹೋಯಿತು. ರೋಗ ಒಂದೇ ಹೆಸರಿನದು, ಮದ್ದು ಮನೆಮನೆಗೂ ಬೇರೆ.

ಭಾವನವರನ್ನು ಒಲಿಸುವುದು ಯಂತ್ರದಷ್ಟು ಸುಲಭವಾಗಿರಲಿಲ್ಲ. "ಪಬ್‌ಜೀನ ಸರ್ಕಾರವೇ ನಿಲ್ಲಿಸಿರಲಿಲ್ವೇ?" ಎಂದರು. 2020ರ ಸೆಪ್ಟೆಂಬರಿನಲ್ಲಿ ನಿಂತದ್ದು ಮೊಬೈಲಿನ ಆಟ, ಇದಲ್ಲ ಎಂದೆನು. ಅವರ ನಿಜವಾದ ಭಯ ಬೇರೆ ಇದ್ದಿತು: ಮಗ ದುಡ್ಡು ಕಟ್ಟಿ ಆಡುತ್ತಿದ್ದಾನೆಂಬ ಗುಮಾನಿ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರದ ಕಾಯಿದೆ ನಿಷೇಧಿಸಿದೆಯೆಂದೂ, ಇಂಥ ಸ್ಪರ್ಧೆಯ ಆಟಗಳನ್ನು ಅದೇ ಕಾಯಿದೆ ಬೇರೆಯಾಗಿ ಮನ್ನಿಸಿದೆಯೆಂದೂ ಹೇಳಿದೆನು. ಅವರು ಉತ್ತರ ಕೊಡಲಿಲ್ಲ. ಆದರೆ ಆ ಭಾನುವಾರ ರಾತ್ರಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಮಗ ಒಬ್ಬನೇ ಕೋಣೆಯಲ್ಲಿ ಕುಳಿತು ಕಾಣದ ಜನರೊಡನೆ ಎಷ್ಟು ವಿನಯದಿಂದ, ಎಷ್ಟು ಹಾಸ್ಯವಾಗಿ ಮಾತನಾಡುತ್ತಾನೆಂಬುದನ್ನು ಅವರು ಅದುವರೆಗೆ ಕೇಳಿಯೇ ಇರಲಿಲ್ಲವೆಂದು ತೋರುತ್ತದೆ.

ಬಳೆಗಳು ತಂಗಿಯ ಕೈಯಲ್ಲೇ ಇದ್ದವು. ಒಂದು ಗಂಟೆ ಐವತ್ತು ನಿಮಿಷ ಆಟ ಎಲ್ಲಿಯೂ ತಡವರಿಸಲಿಲ್ಲ. ನೋಡುವವರು ಐವತ್ತೆರಡಾಗಿದ್ದರು, ತಂಡದ ನಾಲ್ವರೂ ಜೀವಂತ ಉಳಿದು ಕೊನೆಯ ವರ್ತುಲಕ್ಕೆ ಬಂದಿದ್ದರು. ಆಗ ಬೀದಿಗೆ ಬೀದಿಯೇ ಕತ್ತಲಾಯಿತು. ಕರೆಂಟು ಹೋಗಿತ್ತು.

ಕತ್ತಲೆಯಲ್ಲಿ ಅಳಿಯನ ಮೊಬೈಲು ಹೊಡೆದುಕೊಂಡಿತು. ಪಾವಗಡದ ಹುಡುಗ. "ಏನೋ, ಮತ್ತೆ ಲ್ಯಾಗಾ?" ಎಂದು ಕೇಳಿದನು. "ಇಲ್ಲ ಮಗಾ, ಕರೆಂಟು" ಎಂದನು ಇವನು. "ನಿಮ್ಮ ತಾಲ್ಲೂಕಲ್ಲಿ ಎರಡು ಸಾವಿರ ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಕೊಂಡು ನಮಗೆ ಒಂದು ಬಲ್ಬಿಗೂ ಕೊಡಲ್ವಲ್ಲೋ!"

"ರಾತ್ರಿ ಹತ್ತು ಗಂಟೇಲಿ ಸೂರ್ಯನ್ನ ಎಲ್ಲಿಂದ ತರಾಣ" ಎಂದು ಆ ಕಡೆಯ ದನಿ ನಕ್ಕಿತು. ಕುರ್ಚಿಯಲ್ಲಿದ್ದ ಭಾವನವರು ಎದ್ದು ಗೋಡೆ ತಡವುತ್ತ ದೀಪದ ಕಡ್ಡಿಪೆಟ್ಟಿಗೆ ಹುಡುಕತೊಡಗಿದರು; "ಆ ಇನ್ವರ್ಟರ್ ಅಂತಾರಲ್ಲ, ಅದು ಎಷ್ಟಾಗುತ್ತೆ?" ಎಂದು ನನ್ನನ್ನು ಮೆಲ್ಲನೆ ಕೇಳಿದರು.